ಏಳನೆಯ ರೀಲು

ಜೂನ್ 4

ಮಾನ್ಯರಿಗೆ ವಂದನೆಗಳು.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನೀವು ಯಾರೆಂದು ನನಗೆ ಒಂಬತ್ತನೆಯ ವಯಸ್ಸಿನಿಂದಲೂ ಗೊತ್ತು. ಪ್ರತಿ ಶುಕ್ರವಾರ ‘ಕತ್ತರಿ’ ಎಂಬ ಹೆಸರಿನಲ್ಲಿ ನೀವು ಬರೆಯುತ್ತಿದ್ದ ಚಿತ್ರವಿಮರ್ಶೆಯನ್ನು ಊರಿಗೆ ಊರೇ ಓದಿ ನಗುತ್ತಿತ್ತು. ಒಂದು ಶುಕ್ರವಾರದ ನಂತರ ನಮ್ಮ ಮನೆಗೆ ಮಾತ್ರ ಆ ಪತ್ರಿಕೆ ಬರುವುದು ನಿಂತಿತು. ಅಂದು ನೀವು ಕತ್ತರಿಸಿದ್ದು ನನ್ನ ಅಪ್ಪ ನಿರ್ದೇಶಿಸಿದ ಮೊದಲ ಚಿತ್ರವನ್ನು. ಅದೇ ಕೊನೆಯದೂ ಆಯಿತು.

ಸಾವಿರಾರು ಚಿತ್ರ ನೋಡಿದವರು ನೀವು, ಮರೆತಿದ್ದರೆ ತಪ್ಪಿಲ್ಲ. ಆದ್ದರಿಂದ ಆ ಸಾಲನ್ನು ಇಲ್ಲಿ ಬರೆಯುತ್ತೇನೆ. ಕಾಗದ ನೋಡದೆ ಬರೆಯಬಲ್ಲೆ. “ಈಗಷ್ಟೇ ಮಣ್ಣಿಗೆ ಸೇರಿದ ತಾಯಿ ಮರುಕ್ಷಣವೇ ಎದ್ದು ಕೂತು ಮಗನಿಗೆ ಅಂಗಿ ಹೊಲಿಯುತ್ತಾಳೆ. ಈ ನಿರ್ದೇಶಕರ ರಾಜ್ಯದಲ್ಲಿ ಸತ್ತವರಿಗೂ ರಜೆಯಿಲ್ಲ.” ಕಚೇರಿಗಳಲ್ಲಿ ರಜೆ ಕೇಳಿದವರಿಗೆಲ್ಲ ಮೇಲಿನವರು ಇದೇ ಮಾತು ಹೇಳತೊಡಗಿದರು. ಜ್ವರ ಬಂದು ನಾನು ಎರಡು ದಿನ ಶಾಲೆಗೆ ಹೋಗದಿದ್ದಾಗ ಟೀಚರೇ ಅಂದರು, “ನಿಮ್ಮನೇಲಿ ರಜೆ ಅನ್ನೋದೇ ಇಲ್ಲ ಅಂದ್ಕೊಂಡಿದ್ದೆ.” ಚಿತ್ರ ನಾಲ್ಕೇ ದಿನಕ್ಕೆ ಎತ್ತಂಗಡಿಯಾಯಿತು.

ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು. ಪತ್ರಿಕೆಯವರಿಗೆ ಚಿತ್ರ ತೋರಿಸಿದ ದಿನ ಪ್ರೊಜೆಕ್ಟರ್ ಆಪರೇಟರು ಏಳನೆಯ ರೀಲಿಗಿಂತ ಮೊದಲು ಎಂಟನೆಯದನ್ನು ಹಾಕಿಬಿಟ್ಟರು; ತಾಯಿ ಅಂಗಿ ಹೊಲಿಯುವುದು ಏಳರಲ್ಲಿ, ಸಾಯುವುದು ಎಂಟರಲ್ಲಿ; ಚಿತ್ರದಲ್ಲಿ ತಪ್ಪಿಲ್ಲ. ಅಮ್ಮ ನಂಬಲಿಲ್ಲ. “ಹತ್ತು ಜನ ನೋಡಿ ನಕ್ಕಿದಾರೆ. ಹತ್ತು ಜನಕ್ಕೂ ಕಣ್ಣಿರಲಿಲ್ವಾ? ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ” ಎಂದರು. ನಾಲ್ಕು ಜನರ ಮಧ್ಯೆ ಕೂತು ನಗೆಪಾಟಲಾಗಲಾರೆ ಎಂದು ಅವರು ಥಿಯೇಟರಿಗೇ ಹೋಗಲಿಲ್ಲ, ನನ್ನನ್ನೂ ಕಳಿಸಲಿಲ್ಲ. ಅಮ್ಮ ನಂಬದ್ದನ್ನು ನಂಬುವ ವಯಸ್ಸು ನನ್ನದಾಗಿರಲಿಲ್ಲ.

ಪ್ರಿಂಟುಗಳನ್ನೆಲ್ಲ ಫಿಲ್ಮಿನೊಳಗಿನ ಬೆಳ್ಳಿ ತೆಗೆಯಲು ಕರಗಿಸಿಬಿಟ್ಟರು ಎಂದೇ ತಿಳಿದಿದ್ದೆವು. ಹೋದ ತಿಂಗಳು ಹಳೆಯ ಚಿತ್ರಗಳನ್ನು ಕಾಪಾಡುವ ಸಂಸ್ಥೆಯೊಂದರಿಂದ ಒಂದು ಡಿಸ್ಕು ಬಂತು. ಮುಚ್ಚಿಹೋದ ಯಾವುದೋ ಥಿಯೇಟರಿನ ಉಗ್ರಾಣದಲ್ಲಿ ಒಂದು ಪ್ರತಿ ಸಿಕ್ಕಿತಂತೆ. ಮೂರು ವಾರದಿಂದ ಅದು ಅಮ್ಮನ ಔಷಧದ ಡಬ್ಬಿಯ ಪಕ್ಕ ಕೂತಿದೆ. ನನಗೆ ಹಾಕಿ ನೋಡುವ ಧೈರ್ಯವಿಲ್ಲ. ಅಪ್ಪನ ಮೇಲಿನ ಮರುಕದಲ್ಲಿ ಕೆಟ್ಟದ್ದೂ ಒಳ್ಳೆಯದಾಗಿ ಕಾಣಬಹುದು, ಇಲ್ಲವೇ ಅಮ್ಮ ಹೇಳಿದ್ದೇ ನಿಜವೆಂದು ಕಾಣಬಹುದು. ಎರಡೂ ನನಗೆ ಬೇಡ.

ಅಮ್ಮನಿಗೆ ಎಂಬತ್ತೊಂದು. ಸೊಂಟ ಮುರಿದು ಮಲಗಿದ್ದಾರೆ. ಈ ವರ್ಷ ದಾಟುವುದು ಕಷ್ಟ ಎಂದಿದ್ದಾರೆ ಡಾಕ್ಟರು. ಅವರು ಹೋಗುವ ಮೊದಲು ಒಂದು ವಿಷಯ ತೀರ್ಮಾನವಾಗಬೇಕು: ಅಪ್ಪ ಹೇಳಿದ್ದು ನಿಜವೋ ಸುಳ್ಳೋ. ನೀವು ಒಪ್ಪಿದರೆ ಡಿಸ್ಕು ಕಳಿಸುತ್ತೇನೆ. ಬೈದ ಬಾಯಿಯೇ ಹೇಳಲಿ.

ಇತಿ,
ಆ ನಿರ್ದೇಶಕರ ಮಗಳು


ಜೂನ್ 19

ಶ್ರೀಮತಿಯವರಿಗೆ,

ಎಂಬತ್ತರ ಹತ್ತಿರ ಬಂದವನಿಗೆ ಕಾಗದ ಬರುವುದು ಎರಡೇ ಕಡೆಯಿಂದ, ಆಸ್ಪತ್ರೆಯಿಂದ ಇಲ್ಲವೇ ಬೈಯುವವರಿಂದ. ನಿಮ್ಮದು ಎರಡನೆಯ ಜಾತಿ ಎಂದುಕೊಂಡು ಒಡೆದೆ. ನೀವು ಬೈದಿಲ್ಲ. ಬೈದಿದ್ದರೆ ಉತ್ತರ ಬರೆಯುವುದು ಸುಲಭವಾಗುತ್ತಿತ್ತು.

ಆ ಸಾಲು ನೆನಪಿದೆ. ಮರೆಯಲು ಜನ ಬಿಡಲಿಲ್ಲ. ನನ್ನ ಆಯ್ದ ವಿಮರ್ಶೆಗಳ ಪುಸ್ತಕದಲ್ಲಿ ಅದೇ ಮೊದಲ ಲೇಖನ. ಚಿತ್ರ ನೆನಪಿಲ್ಲ. ರೀಲಿನ ವಿಚಾರವೂ ನನಗೆ ತಿಳಿಯದು. ಅಂಥ ದೂರು ಹೇಳಿಕೊಂಡು ಬಂದ ನಿರ್ದೇಶಕರು ಒಬ್ಬರೇ ಇಬ್ಬರೇ? ಒಬ್ಬರ ಚಿತ್ರಕ್ಕೆ ಬಲ್ಬು ಮಂಕಾಗಿತ್ತು, ಇನ್ನೊಬ್ಬರದಕ್ಕೆ ಸ್ಪೀಕರು ಗೊರಗುಟ್ಟಿತ್ತು, ಮತ್ತೊಬ್ಬರ ದಿನ ನನಗೇ ಹೊಟ್ಟೆನೋವಿತ್ತಂತೆ. ಚಿತ್ರ ಕೆಟ್ಟಿತ್ತು ಎಂದವರನ್ನು ಮಾತ್ರ ನಾನು ಕಾಣಲಿಲ್ಲ.

ಕಳಿಸಿ, ನೋಡುತ್ತೇನೆ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದೇ ಬರೆಯುತ್ತೇನೆ. ನಿಮ್ಮ ತಾಯಿಯವರ ಕಾಯಿಲೆಗೂ ನನ್ನ ಪೆನ್ನಿಗೂ ಸಂಬಂಧವಿಲ್ಲ. ಅವಸರವನ್ನೂ ಮಾಡಬೇಡಿ. ಮನೆಯಲ್ಲಿ ನೋಡುವುದಕ್ಕೂ ನನ್ನದೊಂದು ಶಿಸ್ತಿದೆ. ಮಧ್ಯಾಹ್ನ ಮೂರಕ್ಕೆ ಕಿಟಕಿಗೆ ಕಂಬಳಿ ಇಳಿಬಿಡುತ್ತೇನೆ. ಸೊಸೆ ಡಿಸ್ಕು ಹಾಕಿ ಬಾಗಿಲೆಳೆದುಕೊಂಡು ಹೋಗುತ್ತಾಳೆ. ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ಕಾಗದ. ಕತ್ತಲಲ್ಲಿ ಕೈ ನೋಡದೆ ಬರೆಯುವುದು ನನಗೆ ಅಭ್ಯಾಸ. ಮಧ್ಯೆ ನಿಲ್ಲಿಸುವುದಿಲ್ಲ. ಪ್ರತಿ ಚಿತ್ರವನ್ನೂ ಎರಡು ಸಲ ನೋಡುತ್ತೇನೆ, ಒಮ್ಮೆ ಪ್ರೇಕ್ಷಕನಾಗಿ, ಒಮ್ಮೆ ಪೊಲೀಸನಾಗಿ. ಮೊದಲಿನ ಕಾಲದಲ್ಲಿ ಎರಡನೆಯದಕ್ಕೆ ಮಾತ್ರ ಸಮಯ ಸಿಗುತ್ತಿತ್ತು.

ಇತಿ,
ನಿವೃತ್ತ ಕತ್ತರಿ


ಜೂನ್ 27

ಮಾನ್ಯರಿಗೆ ವಂದನೆಗಳು.

ಡಿಸ್ಕು ಇದರ ಜೊತೆಗಿದೆ. ಗೀರು ಬೀಳದ ಹಾಗೆ ನನ್ನ ಕೆಲಸದ ಡಬ್ಬಿಯಲ್ಲಿಟ್ಟು ಕಳಿಸಿದ್ದೇನೆ. ಡಬ್ಬಿಯ ಮೇಲೆ ‘ಕೆಳದವಡೆ’ ಎಂದು ಬರೆದಿದ್ದರೆ ಗಾಬರಿಯಾಗಬೇಡಿ. ನಾನು ಹಲ್ಲಿನ ಸೆಟ್ಟು ಮಾಡುವವಳು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಮನೆಯ ಹಿಂದಿನ ಕೋಣೆಯಲ್ಲಿ ಕೂತು ಅದಕ್ಕೆ ಹಲ್ಲು ಕೂರಿಸಿ ಉಜ್ಜಿ ಕೊಡುತ್ತೇನೆ. ನಿಮ್ಮ ಕಸುಬಿಗೆ ತಿರುಗಾಮುರುಗಾ. ನೀವು ಕಚ್ಚುತ್ತಿದ್ದಿರಿ, ನಾನು ಕಚ್ಚಲಾರದವರಿಗೆ ಹಲ್ಲು ಮಾಡಿಕೊಡುತ್ತೇನೆ.

ಅಮ್ಮನಿಗೆ ವಿಷಯ ಹೇಳಿದೆ. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಗೋಡೆಯ ಕಡೆ ತಿರುಗಿ ಮಲಗಿದ್ದವರು ತಿರುಗದೆಯೇ ಅಂದರು, “ಕಳ್ಸು. ಆತ ಏನಂತಾನೋ ನೋಡೋಣ. ಮುಖ ನೋಡಿ ಮಣೆ ಹಾಕೋ ಜಾತಿ ಅಲ್ಲ ಆತ.” ಕಟ್ಟಿಕೊಂಡ ಗಂಡನ ಮಾತಿಗಿಂತ ಮುಖ ಕಾಣದ ನಿಮ್ಮ ಮಾತಿನ ಮೇಲೆ ಅವರಿಗೆ ಹೆಚ್ಚು ನಂಬಿಕೆ. ಇದನ್ನು ನಿಮ್ಮನ್ನು ಹೊಗಳಲು ಬರೆಯುತ್ತಿಲ್ಲ.

ಇತಿ,
ಹಲ್ಲು ಕಟ್ಟುವವಳು


ಜುಲೈ 22

ತಂಗೀ,

ಹೀಗೆ ಕರೆದದ್ದಕ್ಕೆ ಬೇಜಾರಾಗಬೇಡಿ, ವಯಸ್ಸು ಕರೆಸಿತು. ತಡವಾದದ್ದಕ್ಕೆ ಕಾರಣ ಎರಡು ಸಲ ನೋಡಿದವನು ಮೂರನೆಯ ಸಲವೂ ನೋಡಿದ್ದು.

ಮೊದಲು ತಪ್ಪುಗಳನ್ನು ಹೇಳಿಬಿಡುತ್ತೇನೆ. ನಾಯಕನ ವಿಗ್ಗಿಗೂ ಹಣೆಗೂ ಹೊಂದಾಣಿಕೆಯಿಲ್ಲ, ಗಾಳಿ ಬೀಸಿದಾಗ ಅವನೊಂದು ಕಡೆ, ಅದೊಂದು ಕಡೆ. ಹಾಸ್ಯದವನ ಮೂರು ದೃಶ್ಯಗಳು ಯಾರದೋ ಬಲವಂತಕ್ಕೆ ಸೇರಿಸಿದವು. ಕತೆ ಏರಿಗೆ ಎಳೆದರೆ ಅವು ನೀರಿಗೆ ಎಳೆಯುತ್ತವೆ. ದುಃಖ ಬಂದಲ್ಲೆಲ್ಲ ಪಿಟೀಲು ಮೊದಲೇ ಅತ್ತುಬಿಡುವುದರಿಂದ ನೋಡುವವನಿಗೆ ಅಳಲು ಏನೂ ಉಳಿಯುವುದಿಲ್ಲ. ಕೊನೆಯ ಎರಡು ರೀಲಿಗೆ ಯಾರೋ ಬೆನ್ನಟ್ಟಿದ ಅವಸರ. ಇದು ಮಹಾಕೃತಿಯಲ್ಲ. ಮಹಾಕೃತಿ ಎಂದು ಬರೆದರೆ ನೀವೂ ನಂಬುವುದಿಲ್ಲ.

ಇನ್ನು ಏಳನೆಯ ರೀಲು. ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಕಂಡು ಮರೆಯಾಗುತ್ತದೆ. ಮುಂದಿನ ರೀಲಿರುವ ಇನ್ನೊಂದು ಪ್ರೊಜೆಕ್ಟರು ಚಾಲೂ ಮಾಡು ಎಂದು ಆಪರೇಟರಿಗೆ ಹೇಳುವ ಗುರುತು ಅದು. ನಿಮ್ಮ ಡಿಸ್ಕಿನಲ್ಲೂ ಆ ಚುಕ್ಕೆಗಳು ಉಳಿದಿವೆ, ಎಣಿಸುತ್ತ ಹೋದೆ. ಆರನೆಯ ಚುಕ್ಕೆಯ ನಂತರ ಒಂದು ಸಣ್ಣ ಕೋಣೆ. ಗಿರಣಿಯಲ್ಲಿ ದುಡಿದು ಕೆಮ್ಮು ಹತ್ತಿಸಿಕೊಂಡ ತಾಯಿ, ಸತ್ತ ಗಂಡನ ಅಂಗಿಯನ್ನು ಬಿಚ್ಚಿ, ನಾಳೆ ಕೆಲಸ ಕೇಳಲು ಹೋಗಲಿರುವ ಮಗನ ಅಳತೆಗೆ ಹೊಲಿಯುತ್ತಾಳೆ. ನಾಲ್ಕು ನಿಮಿಷ ಮಾತಿಲ್ಲ. ಪಿಟೀಲೂ ಇಲ್ಲ. ಹೊಲಿಗೆ ಮಷೀನಿನ ಸದ್ದೊಂದೇ. ಕ್ಯಾಮೆರಾ ಇದ್ದಲ್ಲಿಂದ ಕದಲುವುದಿಲ್ಲ. ಕೆಮ್ಮು ಬಂದಾಗ ಚಕ್ರಕ್ಕೆ ಅಂಗೈ ಒತ್ತಿ ನಿಲ್ಲಿಸುತ್ತಾಳೆ, ಕೆಮ್ಮಿ ಮುಗಿಸಿ ಮತ್ತೆ ತುಳಿಯುತ್ತಾಳೆ. ನಿಲ್ಲುವ ಹೊತ್ತು ಪ್ರತಿ ಸಲ ಸ್ವಲ್ಪ ಉದ್ದವಾಗುತ್ತದೆ. ಕಾಲರಿನ ಗುಂಡಿ ಒಂದು ಬಾಕಿ ಉಳಿಯುತ್ತದೆ. ಎಂಟನೆಯ ರೀಲಿನಲ್ಲಿ ಅವಳು ಸಾಯುತ್ತಾಳೆ. ಮಗ ಗುಂಡಿಯಿಲ್ಲದ ಕಾಲರನ್ನು ಕೈಯಲ್ಲಿ ಹಿಡಿದುಕೊಂಡೇ ಸಾಹೇಬರ ಎದುರು ಕೂರುತ್ತಾನೆ. ಹೀಗೇಕೆ ಎಂದು ಅವರು ಕೇಳಿದರೂ ಹೇಳುವುದಿಲ್ಲ.

ಇಂಥ ನಾಲ್ಕು ನಿಮಿಷವನ್ನು ನನ್ನ ಆಯುಷ್ಯದಲ್ಲಿ ಹೆಚ್ಚು ನೋಡಿಲ್ಲ. ಬೇಕಾದರೆ ಇದನ್ನು ನಿಮ್ಮ ತಾಯಿಯವರಿಗೆ ಓದಿ ಹೇಳಿ.

ನಿಮ್ಮ ಪ್ರಶ್ನೆಗೆ ಉತ್ತರ: ಈ ಪ್ರತಿಯಲ್ಲಿ ರೀಲುಗಳ ಕ್ರಮ ಸರಿಯಾಗಿಯೇ ಇದೆ. ಅಂದು ನಾನು ನೋಡಿದ ಪ್ರತಿ ಹೇಗಿತ್ತೋ ಕಾಣೆ. ಆಮೇಲೆ ತಿದ್ದಿದ್ದರೂ ತಿದ್ದಿರಬಹುದು.

ಇತಿ,
ಕತ್ತರಿ


ಆಗಸ್ಟ್ 2

ಮಾನ್ಯರಿಗೆ ವಂದನೆಗಳು.

ನಿಮ್ಮ ಕಾಗದವನ್ನು ಅಮ್ಮನಿಗೆ ಎರಡು ಸಲ ಓದಿದೆ. ಕೊನೆಯ ಸಾಲು ಬಂದಾಗ ಅವರು ಅಂದರು: “ಆಮೇಲೆ ತಿದ್ದಿರಬಹುದು ಅಂದ್ನಲ್ಲ. ಅಲ್ಲಿಗೆ ಮುಗೀತು. ತಪ್ಪಿರಲಿಲ್ಲ ಅಂದ್ರೆ ತಿದ್ದೋ ಕೆಲಸ ಎಲ್ಲಿಂದ ಬಂತು?”

ನಿಮಗೆ ನಮ್ಮ ಮನೆಯ ಒಂದು ಮಾತು ಹೇಳಬೇಕು. ಹಾಲು ಉಕ್ಕಿದರೆ, ಬಾಗಿಲು ತೆಗೆಯಲು ತಡವಾದರೆ, ಪಾತ್ರೆ ಒಡೆದರೆ, ಯಾರಾದರೂ ಕಾರಣ ಹೇಳಲು ಬಾಯಿ ತೆರೆದ ಕೂಡಲೇ ಅಮ್ಮ ಕೇಳುತ್ತಿದ್ದರು, “ಯಾಕೆ, ರೀಲು ಹಿಂದುಮುಂದಾಯ್ತಾ?” ನಾವು ನಗುತ್ತಿದ್ದೆವು. ಅಪ್ಪನೂ ಮೊದಮೊದಲು ನಗುತ್ತಿದ್ದರು. ಚಿತ್ರರಂಗ ಬಿಟ್ಟು ಅವರು ಅಂಗಡಿಗಳಿಗೆ ಬೋರ್ಡು ಬರೆಯುವ ಕೆಲಸ ಹಿಡಿದಿದ್ದರು. ನನಗೆ ಹದಿನಾಲ್ಕಾದಾಗ ಶಾಲೆಯಲ್ಲಿ ಬಹುಮಾನ ಬಂತು. ಅಪ್ಪ ಬರುವ ಹೊತ್ತಿಗೆ ಸಭೆ ಮುಗಿದು ಕುರ್ಚಿ ಎತ್ತಿಡುತ್ತಿದ್ದರು. ಬಸ್ಸು ಕೆಟ್ಟು ನಿಂತಿತು ಎಂದರು. ಗೆಳತಿಯರ ಎದುರೇ ನಾನಂದೆ, “ಬಸ್ಸಿನ ರೀಲೂ ಹಿಂದುಮುಂದಾಯ್ತಾ ಅಪ್ಪಾ?” ಎಲ್ಲರೂ ನಕ್ಕರು. ಅಂಗಿಯ ತೋಳಿಗೆ ಬಣ್ಣ ಮೆತ್ತಿಕೊಂಡಿತ್ತು, ಅದನ್ನು ಉಜ್ಜುತ್ತ ಅವರು ನಿಂತೇ ಇದ್ದರು.

ಅದಾದ ಮೇಲೆ ಅಪ್ಪ ಯಾವುದಕ್ಕೂ ಕಾರಣ ಹೇಳುವುದನ್ನು ಬಿಟ್ಟರು. ನನಗೆ ಹತ್ತೊಂಬತ್ತಾದಾಗ ಏಣಿಯ ಮೇಲಿಂದ ಬಿದ್ದು ಮೂರು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಆ ಮೂರು ದಿನವೂ ಪ್ರಜ್ಞೆಯಿತ್ತು. ಹೇಗೆ ಬಿದ್ರಿ ಎಂದು ಡಾಕ್ಟರು ಕೇಳಿದರು, ಅಮ್ಮ ಕೇಳಿದರು, ನಾನು ಕೇಳಿದೆ. ನಮ್ಮ ಮುಖ ನೋಡಿದರೇ ಹೊರತು ಹೇಳಲಿಲ್ಲ. ಏಣಿ ಜಾರಿತೋ, ತಲೆ ಸುತ್ತಿತೋ, ತಾವಾಗಿಯೇ ಕೈ ಬಿಟ್ಟರೋ, ಇವತ್ತಿಗೂ ನಮಗೆ ಗೊತ್ತಿಲ್ಲ.

ಆದ್ದರಿಂದ ‘ತಿದ್ದಿರಬಹುದು’ ನನಗೆ ಸಾಲದು. ಬಿಡುಗಡೆಯಾದ ಚಿತ್ರವನ್ನು ಆಮೇಲೆ ತಿದ್ದಲು ಆಗುತ್ತದೆಯೇ? ಅಪ್ಪ ತಿದ್ದಿದರೇ? ಹೌದು ಅಥವಾ ಇಲ್ಲ ಎಂದು ಬರೆಯಿರಿ.

ಇತಿ,
ಅವರ ಮಗಳು


ಆಗಸ್ಟ್ 11

ತಂಗೀ,

ತಿದ್ದಲು ಆಗುತ್ತದೆ. ಜನ ನಕ್ಕ ಮೇಲೆ ರೀಲು ಬಿಚ್ಚಿ ಕತ್ತರಿಸಿ ಅಂಟಿಸಿ ಮತ್ತೆ ಕಳಿಸಿದವರು ಎಷ್ಟೋ ಮಂದಿ. ನಿಮ್ಮ ತಂದೆಯವರೂ ಹಾಗೆ ಮಾಡಿದ್ದರೆ ಅದರಲ್ಲಿ ಅವಮಾನವೇನಿಲ್ಲ. ತಿದ್ದಿಕೊಂಡವನು ಮೂರ್ಖನಲ್ಲ. ಐವತ್ತು ವರ್ಷದ ಹಿಂದಿನದನ್ನು ಹೌದು ಎಂದೋ ಇಲ್ಲ ಎಂದೋ ಹೇಳಲು ಈಗ ಯಾರಿದ್ದಾರೆ?

ಡಿಸ್ಕನ್ನು ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ, ಚಿತ್ರವನ್ನು ತಾಯಿಯವರಿಗೆ ತೋರಿಸಿ. ಆರೋಗ್ಯ ನೋಡಿಕೊಳ್ಳಿ.

ಇತಿ,
ಕತ್ತರಿ


ಆಗಸ್ಟ್ 30

ಮಾನ್ಯರಿಗೆ ವಂದನೆಗಳು.

ತೋರಿಸಿದೆ.

ಟೀವಿಯನ್ನು ಹಾಸಿಗೆಯ ಕಾಲ ಕಡೆಗೆ ತಂದಿಟ್ಟೆ. ಅಮ್ಮನ ಬೆನ್ನಿಗೆ ಮೂರು ದಿಂಬು ಕೊಟ್ಟು ಕೂರಿಸಿದೆ. ಕಿಟಕಿಗೆ ಕಂಬಳಿ ಕಟ್ಟಿದೆ, ಅದು ನಿಮ್ಮಿಂದ ಕಲಿತದ್ದು. ಹೆಸರುಗಳು ಬರುವಾಗ ಅಪ್ಪನ ಹೆಸರು ಕೊನೆಗೆ ಬಂತು. ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು ಹಾಕಿಕೊಳ್ಳುವಷ್ಟರಲ್ಲಿ ಅದು ಹೋಗಿಬಿಟ್ಟಿತು. ಹಿಂದಕ್ಕೆ ಹಾಕಲಾ ಎಂದೆ. “ಬೇಡ, ಓಡ್ಲಿ” ಎಂದರು.

ಮೊದಲ ಒಂದು ಗಂಟೆ ನಿಮಗಿಂತ ಖಡಕ್ ವಿಮರ್ಶಕರಾಗಿದ್ದರು. “ಆ ವಿಗ್ ನೋಡು, ಕಾಗೆ ಬಂದು ಕೂತ ಹಾಗಿದೆ.” “ಈ ಹುಡುಗಿ ಅಳೋದು ಬಿಟ್ಟು ಬೇರೇನೂ ಕಲೀಲಿಲ್ವಾ?” ನನಗೂ ನಗು ಬಂತು. ಐವತ್ತು ವರ್ಷ ಹೆದರಿದ್ದು ಇದಕ್ಕೇನಾ ಎನಿಸಿತು.

ಏಳನೆಯ ರೀಲು ಬಂತು. ಆ ನಟಿ ದಾರವನ್ನು ಹಲ್ಲಲ್ಲಿ ಕಚ್ಚುವುದಿಲ್ಲ, ಬೆರಳಿಗೆ ಎರಡು ಸುತ್ತು ಸುತ್ತಿ ಚಕ್ಕನೆ ಎಳೆದು ತುಂಡರಿಸುತ್ತಾಳೆ. ಹೊಲಿಗೆಯನ್ನು ಹೆಬ್ಬೆರಳ ಉಗುರಿನಿಂದ ಗೀಚಿ ಕೂರಿಸುತ್ತಾಳೆ. ಗುಂಡಿ ಹಾಕುವಾಗ ಸೂಜಿಯನ್ನು ಕೂದಲಲ್ಲಿ ಒಮ್ಮೆ ತೀಡುತ್ತಾಳೆ. ಇಷ್ಟನ್ನೂ ಹೀಗೆಯೇ ಮಾಡುವವರು ನಾನು ನೋಡಿದ ಹಾಗೆ ಒಬ್ಬರೇ. ಅಮ್ಮ ತಮ್ಮ ಎರಡೂ ಕೈಗಳನ್ನು ಹೊದಿಕೆಯ ಹೊರಗೆ ತೆಗೆದು ನೋಡಿಕೊಂಡರು. “ಇದು ನಾನು ಕಣೇ” ಎಂದರು. “ನಾನು ಹೊಲೀವಾಗ ನಿಮ್ಮಪ್ಪ ಪಕ್ಕದಲ್ಲಿ ಕೂತು ಏನೋ ಬರೀತಾ ಇರ್ತಿದ್ರು. ನನ್ನ ಕಡೆ ನೋಡೋದೂ ಇಲ್ಲ ಅಂತ ನಾನು ಬೈತಿದ್ದೆ.”

ಚಿತ್ರ ಮುಗಿದ ಮೇಲೆ ಬಹಳ ಹೊತ್ತು ಅತ್ತರು. ಅವರು ಅತ್ತದ್ದನ್ನು ಅಪ್ಪ ಸತ್ತಾಗಲೂ ನಾನು ಕಂಡಿರಲಿಲ್ಲ. ಆಮೇಲೆ ಹೇಳಿದರು, “ಇಷ್ಟು ಚೆನ್ನಾಗಿ ಮಾಡ್ದೋರು ಆ ಒಂದು ಸುಳ್ಳು ಯಾಕೆ ಹೇಳ್ಬೇಕಿತ್ತು? ತಪ್ಪಾಯ್ತು, ಆಮೇಲೆ ತಿದ್ದಿದೆ ಅಂದಿದ್ರೆ ನಾನು ಅಷ್ಟೊಂದು ಆಡ್ಕೋತಿದ್ನಾ? ಹೋಗ್ಲಿ ಬಿಡು. ಕ್ಷಮಿಸಿದೀನಿ ಅವರನ್ನ.”

ನಾಲ್ಕು ದಿನದಿಂದ ಅಮ್ಮ ಸಮಾಧಾನದಿಂದಿದ್ದಾರೆ. ಹೊಟ್ಟೆಗೂ ಎರಡು ತುತ್ತು ಹೆಚ್ಚು ಹೋಗುತ್ತಿದೆ. ಇದಕ್ಕೆ ನೀವು ಕಾರಣ, ಅದಕ್ಕೆ ಕೃತಜ್ಞಳು.

ಇತಿ,
ಅವರ ಮಗಳು


ಸೆಪ್ಟೆಂಬರ್ 21

ತಂಗೀ,

ನಿಮ್ಮ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ಬರೆದು ಬರೆದು ಹರಿದೆ. ‘ಕ್ಷಮಿಸಿದೀನಿ ಅವರನ್ನ’ ಎಂಬಲ್ಲಿಗೆ ಬಂದು ನನ್ನ ಕೈ ನಿಲ್ಲುತ್ತದೆ.

ನಿಮ್ಮ ತಂದೆ ಹೇಳಿದ್ದು ನಿಜ. ನನಗೆ ಅದು ಆ ವಿಮರ್ಶೆ ಅಚ್ಚಾದ ನಾಲ್ಕನೆಯ ದಿನದಿಂದ ಗೊತ್ತು.

ಅಂದು ಚಿತ್ರ ತೋರಿಸಿದ ಕೋಣೆಯಲ್ಲಿ ಖಾಯಂ ಆಪರೇಟರಿಗೆ ಹುಷಾರಿರಲಿಲ್ಲ, ಬದಲಿಯವರು ಬಂದಿದ್ದರು. ಎಂಟನೆಯ ರೀಲು ಮೊದಲು ಬಂತು. ನಾವೆಲ್ಲ ನಕ್ಕೆವು. ಆಪರೇಟರ್ ಕೋಣೆಗೆ ಹತ್ತು ಮೆಟ್ಟಿಲು. ಹತ್ತಿ ಹೋಗಿ ಕೇಳಿದ್ದರೆ ತಿಳಿಯುತ್ತಿತ್ತು. ನಾನು ಕತ್ತಲಲ್ಲಿ ಆ ಸಾಲು ಬರೆದುಕೊಳ್ಳುತ್ತಿದ್ದೆ, ಅದು ಚೆನ್ನಾಗಿ ಬಂದಿತ್ತು. ಆಗ ನನ್ನ ಕೆಲಸ ಇನ್ನೂ ಖಾಯಮಾಗಿರಲಿಲ್ಲ, ಆರು ತಿಂಗಳ ಪರೀಕ್ಷೆಯಲ್ಲಿದ್ದೆ. ಸಂಪಾದಕರು ಆ ಸಾಲು ಓದಿ ಜೋರಾಗಿ ನಕ್ಕು, ಇನ್ನು ಮೇಲೆ ಶುಕ್ರವಾರದ ಅಂಕಣ ಖಾಯಮಾಗಿ ನಿನ್ನದೇ ಎಂದರು.

ಸೋಮವಾರ ನಿಮ್ಮ ತಂದೆ ಕಚೇರಿಗೆ ಬಂದರು. ಪ್ರದರ್ಶನದ ಮಧ್ಯಾಹ್ನ ಅವರು ಲ್ಯಾಬಿನಲ್ಲಿ ಬಿಡುಗಡೆಯ ಪ್ರಿಂಟುಗಳನ್ನು ಪರೀಕ್ಷಿಸುತ್ತ ಕೂತಿದ್ದರಂತೆ, ನಮ್ಮ ಜೊತೆ ಇರಲಿಲ್ಲ. ಆಪರೇಟರು ತಪ್ಪೊಪ್ಪಿ ಬರೆದುಕೊಟ್ಟ ಚೀಟಿ ಮತ್ತು ಸಂಪಾದಕರಿಗೆ ಬರೆದ ಒಂದು ಕಾಗದ ಅವರ ಕೈಯಲ್ಲಿತ್ತು. ನನ್ನ ಮೇಜಿನ ಎದುರು ಇನ್ನೊಂದು ಕುರ್ಚಿ ಇರಲಿಲ್ಲ, ನಿಂತೇ ಮಾತಾಡಿದರು. ಜಗಳವಾಡಲಿಲ್ಲ. ಎರಡನ್ನೂ ಮೇಜಿನ ಮೇಲಿಟ್ಟು, “ನಾಲ್ಕು ಸಾಲು ಹಾಕಿ ಸಾಕು” ಎಂದರು. ನೋಡೋಣ ಎಂದೆ. ಆ ಪುಟಕ್ಕೆ ಬರುವ ಕಾಗದಗಳೆಲ್ಲ ನನ್ನ ಕೈ ದಾಟಿಯೇ ಸಂಪಾದಕರಿಗೆ ಹೋಗಬೇಕಿತ್ತು. ಅವು ಹೋಗಲಿಲ್ಲ. ಅವರು ಇನ್ನೆರಡು ಸಲ ಬಂದರು. ನಾಲ್ಕನೆಯ ಸಲ ನಾನಿಲ್ಲ ಎಂದು ಹೇಳಿಸಿದೆ. ಕಿಟಕಿಯಿಂದ ಅವರ ಬೆನ್ನು ನೋಡಿದೆ. ಮತ್ತೆ ಬರಲಿಲ್ಲ. ಅಬ್ಬ ಎಂದುಕೊಂಡೆ, ಅದನ್ನೂ ಬರೆಯುತ್ತಿದ್ದೇನೆ.

ಆಮೇಲೆ ತಿದ್ದಿರಬಹುದು ಎಂದು ನಿಮಗೆ ಬರೆದಾಗ ನನಗೆ ಎಲ್ಲವೂ ತಿಳಿದಿತ್ತು. ಅವರು ಏನನ್ನೂ ತಿದ್ದಲಿಲ್ಲ. ತಿದ್ದಲು ಅಲ್ಲಿ ಏನೂ ಇರಲಿಲ್ಲ. ಥಿಯೇಟರುಗಳಿಗೆ ಹೋದದ್ದು ನಿಮ್ಮ ಡಿಸ್ಕಿನಲ್ಲಿರುವ ಚಿತ್ರವೇ. ನಗುವ ಜಾಗಕ್ಕಾಗಿ ಕಾದು ಕೂತ ಜನ, ಅದು ಬರದಿದ್ದಾಗ ಬೇಸರದಿಂದ ಎದ್ದು ಹೋದರೆಂದು ಕೇಳಿದ್ದೆ.

ಚೀಟಿ ಎಲ್ಲಿ ಹೋಯಿತೋ ಕಾಣೆ, ಅವರ ಕಾಗದವನ್ನು ಹರಿದು ಹಾಕಲು ಧೈರ್ಯ ಸಾಲಲಿಲ್ಲ. ಮನೆ ಬದಲಿಸಿದಾಗಲೆಲ್ಲ ಜೊತೆಗೆ ಬಂತು. ಇದರೊಳಗೆ ಇಟ್ಟಿದ್ದೇನೆ. ಅದರಲ್ಲಿರುವುದು ಇಷ್ಟೇ: “ನನ್ನ ಚಿತ್ರ ಚೆನ್ನಾಗಿಲ್ಲ ಎಂದಿರುವುದಕ್ಕೆ ನನ್ನ ತಕರಾರಿಲ್ಲ. ಅದು ವಿಮರ್ಶಕರ ಹಕ್ಕು. ಆದರೆ ತಾಯಿ ಅಂಗಿ ಹೊಲಿದ ಮೇಲೆ ಸಾಯುತ್ತಾಳೆ, ಸತ್ತ ಮೇಲೆ ಹೊಲಿಯುವುದಿಲ್ಲ. ಇಷ್ಟನ್ನು ಪ್ರಕಟಿಸಿದರೆ ಉಪಕಾರವಾಗುತ್ತದೆ, ನನ್ನ ಮನೆಯವರೂ ನಿಮ್ಮ ಪತ್ರಿಕೆ ಓದುತ್ತಾರೆ.”

ಇದನ್ನು ಪತ್ರಿಕೆಗೆ ಬರೆಯಲು ಸಿದ್ಧನಿದ್ದೇನೆ. ಈಗಿನ ಸಂಪಾದಕರಿಗೆ ಫೋನು ಮಾಡಿದ್ದೇನೆ, ಜಾಗ ಕೊಡುತ್ತಾರಂತೆ. ಮೊದಲು ನಿಮ್ಮ ತಾಯಿಯವರಿಗೆ ತಿಳಿಸಿ. ಅವರು ಬದುಕಿರುವಾಗಲೇ ತಿಳಿಯಬೇಕು. ಕ್ಷಮೆ ಕೇಳುವ ಮುಖ ನನಗಿಲ್ಲ.

ಇತಿ,
ಕತ್ತರಿ ಎಂಬ ಹೆಸರಿನ ಹಿಂದೆ ಕೂತಿದ್ದವನು


ಅಕ್ಟೋಬರ್ 14

ಕತ್ತರಿಯವರಿಗೆ,

ಇನ್ನು ನನ್ನನ್ನು ತಂಗಿ ಎಂದು ಕರೆಯಬೇಡಿ.

ನಿಮ್ಮ ಕಾಗದ ಬಂದದ್ದು ಮಂಗಳವಾರ ಬೆಳಿಗ್ಗೆ. ಹಿಂದಿನ ಕೋಣೆಯಲ್ಲಿ ಕೆಲಸದ ಮೇಜಿನ ಮುಂದೆ ನಿಂತು ಓದಿದೆ. ಅಪ್ಪನ ಅಕ್ಷರವನ್ನು ನಾನು ಬೋರ್ಡುಗಳ ಮೇಲೆ ಮಾತ್ರ ನೋಡಿದ್ದೆ, ಕಾಗದದ ಮೇಲೆ ಇಷ್ಟು ಸಣ್ಣದಾಗಿ ಬರೆಯುತ್ತಿದ್ದರು ಎಂದು ಗೊತ್ತಿರಲಿಲ್ಲ. ‘ನನ್ನ ಮನೆಯವರೂ ನಿಮ್ಮ ಪತ್ರಿಕೆ ಓದುತ್ತಾರೆ’ ಎಂಬ ಸಾಲನ್ನು ಎಷ್ಟು ಸಲ ಓದಿದೆನೋ. ಅವರು ಊರಿಗಾಗಿ ಕೇಳಿರಲಿಲ್ಲ, ನಮ್ಮಿಬ್ಬರಿಗಾಗಿ ಕೇಳಿದ್ದರು. ನೆಲದ ಮೇಲೆ ಕೂತು ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತೆ, ಅಮ್ಮನಿಗೆ ಕೇಳಬಾರದೆಂದು.

ಆಮೇಲೆ ಕಾಗದವನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಒಳಗೆ ಹೋದೆ. ಹೇಳಲೆಂದೇ ಹೋದೆ. ಅಮ್ಮ ಎಚ್ಚರವಾಗಿದ್ದರು. ಆ ವಾರ ಅವರಿಗೆ ಉಸಿರು ಸರಿಯಿರಲಿಲ್ಲ. ಪೋಸ್ಟಿನವರ ದನಿ ಕೇಳಿಸಿತ್ತೋ ಏನೋ, ನಾನು ಬಾಯಿ ತೆರೆಯುವ ಮೊದಲೇ ಕೇಳಿದರು.

“ಆತಂದಾ?”

ಹೌದು ಎಂದೆ.

“ನಾನೊಂದು ಯೋಚನೆ ಮಾಡ್ತಿದ್ದೆ. ಅವರು ಹೇಳಿದ್ದೇ ನಿಜ ಆಗಿದ್ರೆ? ಅಷ್ಟು ವರ್ಷ ಒಂದೇ ಮಾತು ಹೇಳಿದ್ರು, ಒಂದಿನವೂ ಬದಲಾಯಿಸ್ಲಿಲ್ಲ. ಸುಳ್ಳು ಹೇಳೋರು ಅಲ್ಲಲ್ಲಿ ಬದಲಾಯಿಸ್ತಾರೆ. ನಿಜ ಆಗಿದ್ರೆ ನಾನು ಎಲ್ಲಿಗೆ ಹೋಗ್ಲಿ ಹೇಳು. ಅಷ್ಟೆಲ್ಲಾ ಅಂದೆನಲ್ಲ.”

ನನ್ನ ಕೈ ಹಿಡಿದುಕೊಂಡಿದ್ದರು. ಮೂಳೆ ಬಿಟ್ಟರೆ ಏನೂ ಉಳಿದಿರದ ಕೈ, ಆದರೂ ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದರು. ಎಂಬತ್ತೊಂದು ವರ್ಷದ ಹೆಂಗಸು ಏಟು ತಿನ್ನುವ ಮಗುವಿನ ಮುಖ ಮಾಡಿಕೊಂಡು ನನ್ನನ್ನೇ ನೋಡುತ್ತಿದ್ದರು. ಅಪ್ಪನ ಕಾಗದ ನನ್ನ ಜೇಬಿನಲ್ಲಿ, ಅವರ ಕೈಗೆ ಗೇಣು ದೂರದಲ್ಲಿತ್ತು.

ನಾನು ಹೇಳಿದೆ, “ಇಲ್ಲಮ್ಮ. ಅದನ್ನೇ ಬರೆದಿದಾರೆ. ಅಪ್ಪ ಆಮೇಲೆ ತಿದ್ದಿದ್ದು ಅಂತೆ. ಸುಳ್ಳು ಹೇಳಿದ್ದು ಅಪ್ಪನೇ.”

“ಹಾಗಾದ್ರೆ ಸರಿ” ಎಂದರು. ಹಿಡಿತ ಸಡಿಲವಾಯಿತು. “ಪಾಪ, ಹೋಗ್ಲಿ.”

ಶನಿವಾರ ಮಧ್ಯಾಹ್ನ ಹೋದರು. ಸಂಕಟಪಡಲಿಲ್ಲ.

ನಿಮ್ಮ ಮೇಲೆ ಸಿಟ್ಟಿದೆ. ಅದು ಕಡಿಮೆಯಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಆದರೆ ನಿಮಗೆ ಅಂದು ಒಂದು ಅಂಕಣ ಬೇಕಿತ್ತು, ನನಗೆ ಮೊನ್ನೆ ಅಮ್ಮನ ನಾಲ್ಕು ದಿನದ ನಿದ್ದೆ ಬೇಕಿತ್ತು. ಇಬ್ಬರೂ ಬಲಿ ಕೊಟ್ಟದ್ದು ಒಬ್ಬರನ್ನೇ. ನೀವು ಕೊಟ್ಟಾಗ ಅವರು ಎದುರು ನಿಂತು ಕೇಳಬಲ್ಲವರಾಗಿದ್ದರು. ನಾನು ಕೊಟ್ಟಾಗ ಅದೂ ಇರಲಿಲ್ಲ.

ಅಪ್ಪನ ಕಾಗದವನ್ನು ವಾಪಸು ಕಳಿಸುತ್ತಿದ್ದೇನೆ. ಅದು ನನಗೆ ಬರೆದದ್ದಲ್ಲ, ಸಂಪಾದಕರಿಗೆ ಬರೆದದ್ದು. ಅವರಿಗೇ ತಲುಪಿಸಿ, ಇದ್ದದ್ದು ಇದ್ದ ಹಾಗೆ ಅಚ್ಚಾಗಲಿ. ಕೆಳಗೆ ನಿಮ್ಮ ಮಾತು ಎಷ್ಟು ಬೇಕಾದರೂ ಬರೆದುಕೊಳ್ಳಿ. ಅದರ ಕೆಳಗೆ ನನ್ನದೂ ಒಂದು ಸಾಲು ಹಾಕಿ. ಇವರು ಸುಳ್ಳು ಹೇಳಿದವರಲ್ಲ ಎಂದು ಕಣ್ಣಾರೆ ಓದಿ ತಿಳಿದ ಮೇಲೂ, ಇವರ ಹೆಂಡತಿ ಕೇಳಿದಾಗ, ಇವರ ಮಗಳು ಇವರನ್ನು ಸುಳ್ಳುಗಾರ ಎಂದಳು. ಆ ಸಾಲನ್ನು ಕತ್ತರಿಸಬೇಡಿ.

ಇತಿ,
ಮಗಳು